ಕಟ್ಟಡದ ಲೆಕ್ಕದೊಳಗೆ ಕೂತಿರುವ ಆ ಒಬ್ಬ ಮನುಷ್ಯ ಯಾರು? ಹಸಿರು ಕ್ಯಾಂಪಸ್, ಲಿಂಗ ಸಮಾನತೆ ಮತ್ತು ನಮ್ಮ ತರಗತಿಗಳು

ಕಟ್ಟಡ ವಿಜ್ಞಾನ ಬೋಧಕಿ (ಚರ್ಚೆ ಆರಂಭಿಸಿದವರು)

ನಾನು ವಾಸ್ತುಶಿಲ್ಪ ವಿಭಾಗದಲ್ಲಿ ಕಟ್ಟಡ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಅಂತಿಮ ವರ್ಷದವರು ಕೂತು ವಿನ್ಯಾಸ ಮಾಡುವ ಸ್ಟುಡಿಯೋಗೆ ಹೋದಾಗ ಕಣ್ಣಿಗೆ ಬಿದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ಚಾವಣಿಯಲ್ಲಿ ಎ.ಸಿ. ಗಾಳಿ ಬರುವ ಕಿಂಡಿಗೆ ಯಾರೋ ಟ್ರೇಸಿಂಗ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮಾಸ್ಕಿಂಗ್ ಟೇಪಿನಿಂದ ಅಂಟಿಸಿದ್ದರು. ಹಾಳೆಯ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದರ ನೇರ ಕೆಳಗಿನ ಮೇಜಿನಡಿಯಲ್ಲಿ ಒಂದು ಪುಟ್ಟ ವಿದ್ಯುತ್ ಹೀಟರ್ ಉರಿಯುತ್ತಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಕೋಣೆಯೊಳಗೆ ನನ್ನ ತಾಪಮಾಪಕ 21 ಡಿಗ್ರಿ ತೋರಿಸಿತು. ಹೊರಗಿನ ಸೆಖೆಯಿಂದ ಕಾಪಾಡಲು ಒಂದು ಯಂತ್ರ, ಆ ಯಂತ್ರದಿಂದ ಕಾಪಾಡಲು ಇನ್ನೊಂದು ಯಂತ್ರ, ಎರಡಕ್ಕೂ ಒಂದೇ ಮೀಟರಿನಿಂದ ವಿದ್ಯುತ್ತು. ಆ ಮೇಜಿನಲ್ಲಿ ಕೂತಿದ್ದ ಮೂವರೂ ವಿದ್ಯಾರ್ಥಿನಿಯರು.

ಇದು ನಿರ್ವಹಣೆಯವರ ಅಜಾಗ್ರತೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಇದರ ಬೇರು ನಾನೇ ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ಸೂತ್ರದವರೆಗೆ ಇಳಿದಿದೆ. ದೇಹಕ್ಕೆ ಹಿತವೆನಿಸುವ ತಾಪಮಾನವನ್ನು ಲೆಕ್ಕಹಾಕಲು ಇಂದಿಗೂ ಬಳಕೆಯಲ್ಲಿರುವ ಮಾದರಿಯನ್ನು ಡೆನ್ಮಾರ್ಕಿನ ವಿಜ್ಞಾನಿ ಪಿ. ಓ. ಫ್ಯಾಂಗರ್ 1970ರಲ್ಲಿ ಮುಂದಿಟ್ಟರು. ಅದರಲ್ಲಿ ಆರು ಅಂಶಗಳಿವೆ. ಗಾಳಿಯ ತಾಪಮಾನ, ಸುತ್ತಲ ಗೋಡೆಗಳಿಂದ ಸೂಸುವ ಶಾಖ, ಗಾಳಿಯ ವೇಗ, ತೇವಾಂಶ ಈ ನಾಲ್ಕು ಕೋಣೆಗೆ ಸೇರಿದವು. ದೇಹ ಉತ್ಪಾದಿಸುವ ಶಾಖ ಮತ್ತು ತೊಟ್ಟ ಬಟ್ಟೆ ಈ ಎರಡು ಮನುಷ್ಯನಿಗೆ ಸೇರಿದವು. ಕೋಣೆಯ ನಾಲ್ಕನ್ನು ನಾವು ಉಪಕರಣ ಹಿಡಿದು ಅಳೆಯುತ್ತೇವೆ, ಮನುಷ್ಯನ ಎರಡನ್ನು ಮಾತ್ರ ಕೋಷ್ಟಕದಿಂದ ಎತ್ತಿಕೊಳ್ಳುತ್ತೇವೆ. ಸುಮ್ಮನೆ ಕೂತವರ ದೇಹ ಪ್ರತಿ ಚದರ ಮೀಟರಿಗೆ 58.2 ವಾಟ್ ಶಾಖ ಬಿಡುತ್ತದೆ ಎನ್ನುವುದು ಆ ಕೋಷ್ಟಕದ ಮೂಲಮಾನ. ಸಂಶೋಧಕರಾದ ಕಿಂಗ್ಮಾ ಮತ್ತು ವಾನ್ ಮಾರ್ಕೆನ್ ಲಿಕ್ಟೆನ್‌ಬೆಲ್ಟ್ 2015ರಲ್ಲಿ ತೋರಿಸಿದಂತೆ ಈ ಮೌಲ್ಯ ಸರಾಸರಿ ಗಂಡಸಿನ ದೇಹವನ್ನು ಆಧರಿಸಿದ್ದು, ಮಹಿಳೆಯರ ದೇಹ ಬಿಡುವ ಶಾಖವನ್ನು ಅದು ಶೇಕಡಾ 35ರವರೆಗೂ ಹೆಚ್ಚಾಗಿ ಅಂದಾಜಿಸಬಹುದು. ಹೆಚ್ಚು ಶಾಖ ಬಿಡುವ ದೇಹವನ್ನು ಲೆಕ್ಕಕ್ಕೆ ಹಿಡಿದರೆ ಹೆಚ್ಚು ತಂಪು ಬೇಕೆಂದು ಉತ್ತರ ಬರುತ್ತದೆ, ಹೆಚ್ಚು ತಂಪಿಗೆ ದೊಡ್ಡ ಯಂತ್ರ ಬೇಕಾಗುತ್ತದೆ, ದೊಡ್ಡ ಯಂತ್ರ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ.

ನಮ್ಮ ವಿಭಾಗಗಳಲ್ಲಿ ಸುಸ್ಥಿರತೆಗೆ ಒಂದು ಸಮಿತಿ, ಲಿಂಗ ಸಮಾನತೆಗೆ ಇನ್ನೊಂದು ಸಮಿತಿ ಇರುತ್ತವೆ. ಒಂದರ ಕಡತ ಇನ್ನೊಂದರ ಮೇಜಿಗೆ ಬರುವುದೇ ಇಲ್ಲ. ಆದರೆ ಸ್ಟುಡಿಯೋದ ಆ ಮೂಲೆಯಲ್ಲಿ ಎರಡೂ ಒಂದೇ ತಪ್ಪಿನ ಎರಡು ಮುಖಗಳಾಗಿ ನಿಂತಿದ್ದವು. ವಿನ್ಯಾಸಕಾರ ಯಾರನ್ನು ಕಣ್ಣಮುಂದೆ ಇಟ್ಟುಕೊಂಡು ಲೆಕ್ಕ ಮಾಡಿದ ಎಂಬ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಕೇಳುವುದಿಲ್ಲ. ಇದನ್ನು ಪಾಠದೊಳಕ್ಕೆ ತರುವ ಬಗೆ ಹೇಗೆ? ನೀವು ಏನಾದರೂ ಪ್ರಯತ್ನಿಸಿದ್ದೀರಾ? ದಯವಿಟ್ಟು ಬರೆಯಿರಿ.

ಸ್ಟ್ರಕ್ಚರಲ್ ಇಂಜಿನಿಯರ್, ಅತಿಥಿ ಉಪನ್ಯಾಸಕ

ಮೇಡಂ, ನಿಮ್ಮ ಕಾಳಜಿಯ ಬಗ್ಗೆ ಗೌರವವಿದೆ, ಆದರೂ ಈ ಎರಡು ವಿಷಯಗಳನ್ನು ಒಂದೇ ದಾರದಲ್ಲಿ ಪೋಣಿಸುವುದಕ್ಕೆ ನನ್ನ ತಕರಾರು ಇದೆ. ನೀವು ಉಲ್ಲೇಖಿಸಿದ 2015ರ ಅಧ್ಯಯನದಲ್ಲಿ ಅಳತೆಗೆ ಕೂತವರು 16 ಮಂದಿ ಯುವತಿಯರು ಮಾತ್ರ. ಫ್ಯಾಂಗರ್ ಕೂಡ ತಮ್ಮ ಪ್ರಯೋಗಗಳಲ್ಲಿ ಮಹಿಳೆಯರನ್ನು ಸೇರಿಸಿಕೊಂಡಿದ್ದರು. ಕೋಷ್ಟಕವನ್ನು ಗಂಡಸರು ಗಂಡಸರಿಗಾಗಿ ಬರೆದರು ಎಂಬಂತೆ ವಿದ್ಯಾರ್ಥಿಗಳಿಗೆ ಹೇಳಿದರೆ ಅರ್ಧಸತ್ಯ ಹೇಳಿದಂತಾಗುತ್ತದೆ.

ಅದಕ್ಕಿಂತ ದೊಡ್ಡ ವಿಷಯವೆಂದರೆ ಪ್ರಮಾಣದ್ದು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲೇ ಶೇಕಡಾ 7ರಿಂದ 8ರಷ್ಟಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕುಲುಮೆಗೆ ಹಾಕುವ ಇಂಧನದಿಂದ ಬಂದದ್ದಲ್ಲ. ಸುಣ್ಣದ ಕಲ್ಲು 1450 ಡಿಗ್ರಿಯ ಕುಲುಮೆಯಲ್ಲಿ ಕ್ಲಿಂಕರ್ (ಪುಡಿಮಾಡಿದರೆ ಸಿಮೆಂಟಾಗುವ ಗಟ್ಟಿ) ಆಗುವ ದಾರಿಯಲ್ಲಿ ತನ್ನೊಳಗಿನ ಅನಿಲವನ್ನು ಬಿಟ್ಟುಕೊಡುವುದರಿಂದ ಬಂದದ್ದು. ಅಂದರೆ ಕುಲುಮೆಯನ್ನು ಪೂರ್ತಿ ಸೌರಶಕ್ತಿಯಿಂದ ಓಡಿಸಿದರೂ ಆ ಪಾಲು ಹೋಗುವುದಿಲ್ಲ. ಒಂದು ಸ್ಲ್ಯಾಬಿನ ದಪ್ಪವನ್ನು ಸರಿಯಾಗಿ ಲೆಕ್ಕಹಾಕಿ ಇಳಿಸಿದರೆ ಉಳಿಯುವ ಇಂಗಾಲ, ಹೀಟರು ಆರಿಸುವುದರಿಂದ ಉಳಿಯುವುದಕ್ಕಿಂತ ಎಷ್ಟೋ ಹೆಚ್ಚು. ಆ ಅನಿಲದ ಅಣುವಿಗೆ ಲಿಂಗವಿಲ್ಲ. ಹವಾಮಾನದ ವಿಷಯದಲ್ಲಿ ನಮಗೆ ಉಳಿದಿರುವ ಸಮಯ ಕಡಿಮೆ. ಎರಡು ದೊಡ್ಡ ಹೋರಾಟಗಳನ್ನು ಕಲಸಿದರೆ ಎರಡೂ ತೆಳುವಾಗುತ್ತವೆ ಎಂಬುದು ನನ್ನ ಭಯ. ಸಮಾನತೆ ಬೇಡವೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಅದರದೇ ಕಾರಣಗಳು ಸಾಕು ಎನ್ನುತ್ತಿದ್ದೇನೆ.

ಕಟ್ಟಡ ವಿಜ್ಞಾನ ಬೋಧಕಿ

ಸರ್, 16 ಮಂದಿ ಎಂಬ ಮಾತು ಸರಿ, ಫ್ಯಾಂಗರ್ ಕುರಿತ ಮಾತೂ ಸರಿ. ಮೊದಲ ಬರಹದಲ್ಲೇ ನಾನು ಹೇಳಬೇಕಿತ್ತು. ಆದರೆ ಪ್ರಯೋಗದಲ್ಲಿ ಮಹಿಳೆಯರು ಕೂತಿದ್ದರು ಎಂಬುದರಿಂದ ಕೋಷ್ಟಕದ ಚಯಾಪಚಯ ಮೌಲ್ಯ, ಅಂದರೆ ದೇಹ ಉತ್ಪಾದಿಸುವ ಶಾಖದ ಅಂಕಿ, ಅವರದ್ದಾಗುವುದಿಲ್ಲ. ಬರ್ಲಿನ್ನಿನಲ್ಲಿ 543 ವಿದ್ಯಾರ್ಥಿಗಳನ್ನು ಸುಮಾರು 16ರಿಂದ 33 ಡಿಗ್ರಿಯವರೆಗಿನ ಬೇರೆಬೇರೆ ತಾಪಮಾನಗಳಲ್ಲಿ ಕೂರಿಸಿ ಪರೀಕ್ಷೆ ಕೊಟ್ಟ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಕೋಣೆ ಬೆಚ್ಚಗಾದಂತೆ ಗಣಿತ ಮತ್ತು ಭಾಷೆಯ ಪ್ರಶ್ನೆಗಳಲ್ಲಿ ವಿದ್ಯಾರ್ಥಿನಿಯರ ಅಂಕ ಏರಿತು. ಹುಡುಗರ ಅಂಕ ಇಳಿಯಿತಾದರೂ ಇಳಿದದ್ದು ಅದಕ್ಕಿಂತ ಕಡಿಮೆ. ಇದನ್ನು ಓದಿದ ಮೇಲೆ ಪರೀಕ್ಷಾ ಕೊಠಡಿಯ ಎ.ಸಿ. ರಿಮೋಟು ಯಾರ ಕೈಯಲ್ಲಿದೆ ಎಂಬುದು ನನಗೆ ಸಣ್ಣ ವಿಷಯವಾಗಿ ಕಾಣುತ್ತಿಲ್ಲ.

ಬಟ್ಟೆಯ ವಿಷಯವೂ ಹೀಗೆಯೇ. ಬಟ್ಟೆ ಎಷ್ಟು ಬೆಚ್ಚಗಿಡುತ್ತದೆ ಎಂದು ಅಳೆಯುವ ಮಾನ ‘ಕ್ಲೋ’; ಒಂದು ಕ್ಲೋ ಹೆಚ್ಚುಕಡಿಮೆ ಪೂರ್ತಿ ಸೂಟು ತೊಟ್ಟ ಮನುಷ್ಯನಿಗೆ ಸರಿಹೊಂದುತ್ತದೆ. ಜಪಾನಿನಲ್ಲಿ 2005ರಲ್ಲಿ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ ‘ಕೂಲ್ ಬಿಜ್’ ಆರಂಭಿಸಿದಾಗ ಮಾಡಿದ್ದು ಇದೇ ಗಂಟನ್ನು ಬಿಚ್ಚುವ ಕೆಲಸ: ಟೈ, ಕೋಟು ಬೇಡ, ಕಚೇರಿಯ ಎ.ಸಿ. 28 ಡಿಗ್ರಿಗಿಂತ ಕೆಳಗೆ ಇಳಿಯಬೇಕಿಲ್ಲ ಎಂದರು. ಗಂಡಸಿನ ಕೋಟು ತೆಗೆಸಿದ್ದರಿಂದ ಯಂತ್ರದ ಹೊರೆ ಇಳಿಯಿತು.

ಸ್ಲ್ಯಾಬಿನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸ್ಲ್ಯಾಬಿನ ಲೆಕ್ಕ ಮಾಡಲು ತರಗತಿಯಲ್ಲಿ ಯಾರು ಕೂತಿರುತ್ತಾರೆ ಎಂಬುದೂ ಅಷ್ಟೇ ಮುಖ್ಯ.

ಐದನೇ ವರ್ಷದ ವಿದ್ಯಾರ್ಥಿನಿ, ವಾಸ್ತುಶಿಲ್ಪ

ಮೇಡಂ ಕೊನೆಯಲ್ಲಿ ಬರೆದ ವಾಕ್ಯ ಓದಿ ಈ ಉತ್ತರ ಬರೆಯಲೇಬೇಕು ಅನ್ನಿಸಿತು. ಇಂಜಿನಿಯರಿಂಗ್ ವಿಭಾಗದವರೊಂದಿಗೆ ಸೇರಿ ಮಾಡುವ ಜಂಟಿ ಪ್ರಾಜೆಕ್ಟಿನಲ್ಲಿ ನಾವು ಆರು ಮಂದಿ ಇದ್ದೆವು, ಮೂವರು ಹುಡುಗರು, ಮೂವರು ಹುಡುಗಿಯರು. ಮೊದಲ ದಿನ ಕೆಲಸ ಹಂಚಿಕೊಂಡಾಗ ಯಾರೂ ಜಗಳ ಆಡಲಿಲ್ಲ, ಯಾರೂ ಯಾರನ್ನೂ ತಡೆಯಲಿಲ್ಲ. ಆದರೂ ಸ್ಟ್ರಕ್ಚರ್, ಸರ್ವೀಸಸ್ (ನೀರು, ವಿದ್ಯುತ್ತು, ಎ.ಸಿ.), ಅಂದಾಜುಪಟ್ಟಿ ಹುಡುಗರ ಕಡೆಗೆ ಹೋದವು. ಲ್ಯಾಂಡ್‌ಸ್ಕೇಪ್, ರೆಂಡರಿಂಗ್ ಮತ್ತು ‘ಸಸ್ಟೇನಬಿಲಿಟಿ ಶೀಟ್’ ನಮ್ಮ ಕಡೆಗೆ ಬಂದವು. ಆ ಶೀಟಿನಲ್ಲಿ ನಾವು ಮಾಡಿದ್ದೇನೆಂದರೆ ಸೂರ್ಯನ ಪಥದ ಚಿತ್ರ, ಗಾಳಿಗೆ ನೀಲಿ ಬಾಣ, ಮಳೆನೀರಿಗೆ ಇನ್ನೊಂದು ನೀಲಿ ಬಾಣ. ಅಷ್ಟರಲ್ಲಿ ಕಂಬಗಳ ಅಂತರ, ಸ್ಲ್ಯಾಬಿನ ದಪ್ಪ, ಗಾಜಿನ ಪ್ರಮಾಣ ಎಲ್ಲವೂ ಇನ್ನೊಂದು ಮೇಜಿನಲ್ಲಿ ತೀರ್ಮಾನವಾಗಿ ಹೋಗಿದ್ದವು. ಕಟ್ಟಡದ ಪರಿಸರ ಹೊರೆಯನ್ನು ನಿರ್ಧರಿಸುವ ಅಂಕಿಗಳು ಅಲ್ಲಿದ್ದವು, ‘ಪರಿಸರ’ ಎಂಬ ಹೆಸರು ಮಾತ್ರ ನಮ್ಮ ಹತ್ತಿರವಿತ್ತು. ಕೆಲಸವನ್ನು ತೂಗಿನೋಡುವ ಜ್ಯೂರಿಯಲ್ಲಿ ನಮ್ಮ ಶೀಟನ್ನು ನೋಡಿದ ಹಿರಿಯರೊಬ್ಬರು ‘ಚೆನ್ನಾಗಿ ಬಣ್ಣ ಹಾಕಿದ್ದೀರಿ’ ಎಂದರು.

ಸರ್ ಹೇಳಿದಂತೆ ಇಂಗಾಲದ ಅಣುವಿಗೆ ಲಿಂಗವಿಲ್ಲ, ಒಪ್ಪುತ್ತೇನೆ. ಆದರೆ ಹಸಿರು ಎಂಬ ಕೆಲಸವನ್ನು ಮೆದು ಕೆಲಸವೆಂದು ಬಗೆದು ಹುಡುಗಿಯರಿಗೆ ಬಿಟ್ಟುಕೊಟ್ಟಾಗ, ಅದೇ ಕಾರಣಕ್ಕೆ ಆ ಕೆಲಸಕ್ಕೆ ತೂಕ ಇಲ್ಲದಂತಾಗುತ್ತದೆ. ಸಿಮೆಂಟಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕ್ಲಿಂಕರಿನ ಅರ್ಧದಷ್ಟನ್ನು ಬದಲಿಸಿ, ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲಿನ ಪುಡಿ ಸೇರಿಸಿ ಇಂಗಾಲವನ್ನು ಶೇಕಡಾ 40ರವರೆಗೂ ಇಳಿಸಬಹುದಾದ ಎಲ್‌ಸಿ3 ಸಿಮೆಂಟಿನ ಸಂಶೋಧನೆಯ ಮುಂಚೂಣಿಯಲ್ಲಿ ಇರುವವರು ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕಿ ಕರೆನ್ ಸ್ಕ್ರಿವನರ್. ಕ್ಲಿಂಕರಿಗೆ ಬೇಕಾದ 1450 ಡಿಗ್ರಿಯ ಬದಲು ಜೇಡಿಮಣ್ಣಿಗೆ 700ರಿಂದ 850 ಡಿಗ್ರಿ ಸಾಕಾಗುತ್ತದೆ. ನಾಲ್ಕು ವರ್ಷ ಓದಿದರೂ ಈ ಹೆಸರು ನಮ್ಮ ಕಿವಿಗೆ ಬಿದ್ದದ್ದು ಪಾಠದಲ್ಲಲ್ಲ, ನಾನೇ ಹುಡುಕಿ ಓದಿದಾಗ.

ಇನ್ನೊಂದು ವಿಷಯ, ರಾತ್ರಿಯ ಸ್ಟುಡಿಯೋ. ಸಲ್ಲಿಕೆಗೆ ಹತ್ತು ದಿನ ಇರುವಾಗಿನಿಂದ ಬೆಳಗಿನ ಜಾವದವರೆಗೆ ಇಡೀ ಮಹಡಿಯ ದೀಪ, ಎ.ಸಿ., ನಕ್ಷೆ ಮುದ್ರಿಸುವ ಪ್ಲಾಟರ್ ಎಲ್ಲ ಉರಿಯುತ್ತಲೇ ಇರುತ್ತವೆ. ಯಾರು ಉಳಿಯಬಲ್ಲರೋ ಅವರಿಗೆ ಅದು ಅನುಕೂಲ. ರಾತ್ರಿ ಹಿಂತಿರುಗುವ ದಾರಿಗೆ ಹೆದರುವವರಿಗೆ, ಮನೆಯಲ್ಲಿ ಮಗುವನ್ನೋ ವಯಸ್ಸಾದವರನ್ನೋ ನೋಡಿಕೊಳ್ಳಬೇಕಾದವರಿಗೆ ಅಲ್ಲ. ಅಮೆರಿಕದ ವಾಸ್ತುಶಿಲ್ಪ ವಿದ್ಯಾರ್ಥಿಗಳ ಸಂಘಟನೆ 2002ರಲ್ಲೇ ಸ್ಟುಡಿಯೋ ಸಂಸ್ಕೃತಿಯನ್ನು ಮರುರೂಪಿಸಬೇಕೆಂದು ವರದಿ ಕೊಟ್ಟಿತ್ತು, ಆಮೇಲೆ ಅಲ್ಲಿನ ಶಾಲೆಗಳು ಅದಕ್ಕಾಗಿ ಲಿಖಿತ ನೀತಿಯನ್ನು ಇಟ್ಟುಕೊಳ್ಳಬೇಕಾಯಿತು. ಸ್ಟುಡಿಯೋವನ್ನು ರಾತ್ರಿ ಒಂದು ನಿಗದಿತ ಹೊತ್ತಿಗೆ ಮುಚ್ಚುವ ನಿಯಮ ಬಂದರೆ ಉಳಿಯುವ ವಿದ್ಯುತ್ತೆಷ್ಟು ಎಂದು ನಾವು ಲೆಕ್ಕ ಹಾಕಬಲ್ಲೆವು. ಆ ನಿಯಮದಿಂದ ಯಾರೆಲ್ಲ ಸಮನಾಗಿ ಕೂತು ಕೆಲಸ ಮಾಡಬಲ್ಲರು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬಹುದು.

ಕ್ಯಾಂಪಸ್ ನಿರ್ವಹಣಾ ಇಂಜಿನಿಯರ್

ನಾನು ಕಲಿಸುವವನಲ್ಲ, ಕಲಿತವರು ಕಟ್ಟಿದ್ದನ್ನು ನೋಡಿಕೊಳ್ಳುವವನು. ಆ ಕಡೆಯಿಂದ ಒಂದು ಅನುಭವ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯದಿಂದ ವಿದ್ಯಾರ್ಥಿನಿಲಯದ ಕಡೆಗೆ ಹೋಗುವ ಕಾಲುದಾರಿಯ ದೀಪಗಳನ್ನು ಬದಲಿಸಿದೆವು. ಹಳೆಯ ಸೋಡಿಯಂ ದೀಪಗಳು ರಾತ್ರಿಯಿಡೀ ಉರಿಯುತ್ತಿದ್ದವು. ಬದಲಿಗೆ ಚಲನೆ ಗುರುತಿಸುವ ಸೆನ್ಸರ್ ಇರುವ ಎಲ್‌ಇಡಿ ಹಾಕಿ, ಯಾರೂ ಇಲ್ಲದಾಗ ಪೂರ್ತಿ ಆರುವಂತೆ ಮಾಡಿದೆವು. ಕಾಗದದ ಮೇಲೆ ಉಳಿತಾಯ ಸ್ಪಷ್ಟವಾಗಿತ್ತು. ಒಂದೆರಡು ತಿಂಗಳಲ್ಲಿ ಆ ದಾರಿಯಲ್ಲಿ ಸಂಜೆಯ ನಂತರ ಓಡಾಟವೇ ಕಡಿಮೆಯಾಯಿತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ವಿದ್ಯಾರ್ಥಿನಿಯರು ಗ್ರಂಥಾಲಯದಿಂದ ಬೇಗ ಎದ್ದುಹೋಗುತ್ತಿದ್ದರು ಅಥವಾ ವಿಶ್ವವಿದ್ಯಾಲಯದ ಡೀಸೆಲ್ ವಾಹನ ಬರುವವರೆಗೆ ಕಾಯುತ್ತಿದ್ದರು. ವಾಹನದ ಸುತ್ತುಗಳು ಹೆಚ್ಚಾದವು. ದೀಪದಲ್ಲಿ ಉಳಿಸಿದ್ದನ್ನು ಡೀಸೆಲಿನಲ್ಲಿ ಸುಟ್ಟೆವು.

ಒಂದು ರಾತ್ರಿ ನಾನೇ ಆ ದಾರಿಯಲ್ಲಿ ನಡೆದು ನೋಡಿದೆ. ನಾನು ನಿಂತ ಕಂಬದ ದೀಪ ಹೊತ್ತಿಕೊಳ್ಳುತ್ತಿತ್ತು, ಮುಂದಿನದು ಕತ್ತಲು, ಹಿಂದಿನದು ಆರಿಹೋಗುತ್ತಿತ್ತು. ಬೆಳಕಿನ ಕೆಳಗೆ ನಾನೊಬ್ಬನೇ ಎದ್ದು ಕಾಣುತ್ತಿದ್ದೆ, ಪೊದೆಯ ಹಿಂದೆ ಯಾರಾದರೂ ಇದ್ದರೆ ನನಗೆ ಕಾಣುತ್ತಿರಲಿಲ್ಲ. ಸೆನ್ಸರ್ ಹೊಂದಿಸುವಾಗ ಇದು ನನ್ನ ತಲೆಗೆ ಹೊಳೆದಿರಲಿಲ್ಲ, ಯಾಕೆಂದರೆ ರಾತ್ರಿ ನಡೆಯುವಾಗ ಹೀಗೆ ಯೋಚಿಸುವ ಅಗತ್ಯ ನನಗೆ ಜೀವನದಲ್ಲಿ ಬಂದಿರಲಿಲ್ಲ. ಆಮೇಲೆ ದೀಪಗಳು ಪೂರ್ತಿ ಆರದೆ ಮಂದವಾಗಿ ಉರಿಯುವಂತೆ, ಒಬ್ಬರು ಬಂದಾಗ ಮುಂದಿನ ಎರಡು ಕಂಬಗಳೂ ಜೊತೆಯಲ್ಲೇ ಪ್ರಕಾಶಿಸುವಂತೆ ಮಾಡಿದೆವು. ಕಣ್ಣು ಕೋರೈಸುವ ದೀಪಗಳಿಗೆ ಮರೆ ಹಾಕಿದೆವು, ಪೊದೆಗಳನ್ನು ಮಂಡಿಯೆತ್ತರಕ್ಕೆ ಕತ್ತರಿಸಿದೆವು. ಹೆಚ್ಚು ಬೆಳಕಿಗಿಂತ ಸಮನಾದ ಬೆಳಕು ಮುಖ್ಯ ಎಂಬುದನ್ನು ಅಲ್ಲಿ ಕಲಿತೆ. ಸೆನ್ಸರ್ ಇನ್ನೂ ಇದೆ, ಉಳಿತಾಯವೂ ಇದೆ, ಜನ ನಡೆಯುತ್ತಿದ್ದಾರೆ.

ಶೌಚಾಲಯದ ವಿಷಯ ಎತ್ತದೆ ಹೋದರೆ ಈ ಚರ್ಚೆ ಅಪೂರ್ಣ. ಹಳೆಯ ಇಂಜಿನಿಯರಿಂಗ್ ಬ್ಲಾಕುಗಳಲ್ಲಿ ಮಹಿಳೆಯರ ಶೌಚಾಲಯ ನೆಲಮಹಡಿಯಲ್ಲಿ ಮಾತ್ರ ಇರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಎರಡೂ ಕಡೆ ಸಮನಾದ ಚದರ ಮೀಟರ್ ಕೊಟ್ಟರೆ ನ್ಯಾಯವಾಯಿತು ಎಂದು ನಕ್ಷೆಯವರು ಭಾವಿಸುತ್ತಾರೆ. ಆದರೆ ಯೂರಿನಲ್‌ಗೆ ಜಾಗ ಕಡಿಮೆ ಸಾಕಾದ್ದರಿಂದ ಅಷ್ಟೇ ಜಾಗದಲ್ಲಿ ಗಂಡಸರಿಗೆ ಹೆಚ್ಚು ಮಂದಿಗೆ ಅನುಕೂಲವಾಗುತ್ತದೆ, ಹೆಂಗಸರಿಗೆ ಬೇಕಾಗುವ ಸಮಯವೂ ಹೆಚ್ಚು. ಹಾರ್ವರ್ಡಿನ ಲೊವೆಲ್ ಹಾಲಿನಲ್ಲಿ ಪರೀಕ್ಷೆ ಬರೆಯುವ ಮಹಿಳೆಯರಿಗೆ ಶೌಚಾಲಯವೇ ಇಲ್ಲವೆಂದು ವಕೀಲೆ ಫ್ಲೋರಿನ್ಸ್ ಕೆನೆಡಿಯವರ ಮುಂದಾಳತ್ವದಲ್ಲಿ 1973ರಲ್ಲಿ ಪ್ರತಿಭಟನೆ ನಡೆದಿತ್ತು. ನೀರು ಉಳಿಸುವ ಫ್ಲಶ್ ಹಾಕಿ ಹಸಿರು ಕಟ್ಟಡದ ಪ್ರಮಾಣಪತ್ರಕ್ಕೆ ಅಂಕ ಪಡೆಯುವ ಕಟ್ಟಡದಲ್ಲಿ ದಿನವಿಡೀ ನೀರು ಕುಡಿಯದೆ ಪ್ರಯೋಗಾಲಯದಲ್ಲಿ ನಿಲ್ಲುವ ವಿದ್ಯಾರ್ಥಿನಿ ಇದ್ದರೆ, ಆ ನೀರಿನ ಉಳಿತಾಯವನ್ನು ನಾನು ಉಳಿತಾಯವೆಂದು ಬರೆದುಕೊಳ್ಳಲಾರೆ.

ನಿವೃತ್ತ ಪ್ರಾಧ್ಯಾಪಕ, ಸಿವಿಲ್ ಇಂಜಿನಿಯರಿಂಗ್

ಈ ಎರಡು ಎಳೆಗಳು ಈಚೆಗೆ ಯಾರೋ ಕೂಡಿಸಿದ್ದಲ್ಲ ಎಂಬುದನ್ನು ಹೇಳಲು ಬರೆಯುತ್ತಿದ್ದೇನೆ. 1848ರಲ್ಲಿ ಅಮೆರಿಕದ ಸೆನೆಕಾ ಫಾಲ್ಸ್‌ನಲ್ಲಿ ಮಹಿಳೆಯರ ಹಕ್ಕುಗಳ ಸಮಾವೇಶ ನಡೆದು ಒಂದು ಘೋಷಣಾಪತ್ರ ಹೊರಬಂತು. ಅದಕ್ಕೆ ಸಹಿ ಹಾಕಿದವರಲ್ಲಿ ಯೂನಿಸ್ ಫೂಟ್ ಒಬ್ಬರು. ಎಂಟು ವರ್ಷಗಳ ನಂತರ, 1856ರಲ್ಲಿ, ಅದೇ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲಾಮ್ಲ ಅನಿಲ (ಇಂದಿನ ಹೆಸರಿನಲ್ಲಿ ಇಂಗಾಲದ ಡೈಆಕ್ಸೈಡ್) ತುಂಬಿದ ಕೊಳವೆ ಹೆಚ್ಚು ಬಿಸಿಯಾಗಿ ತಣಿಯಲು ಬಹಳ ಹೊತ್ತು ತೆಗೆದುಕೊಳ್ಳುವುದನ್ನು ಕಂಡರು. ವಾತಾವರಣದಲ್ಲಿ ಆ ಅನಿಲ ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆ ಎಂದು ಬರೆದರು. ವಿಜ್ಞಾನ ಸಭೆಯಲ್ಲಿ ಆ ಪ್ರಬಂಧವನ್ನು ಓದಿದ್ದು ಅವರಲ್ಲ, ಭೌತವಿಜ್ಞಾನಿ ಜೋಸೆಫ್ ಹೆನ್ರಿ. ಅನಿಲಗಳು ಶಾಖ ಹೀರುವ ಬಗ್ಗೆ ಭೌತವಿಜ್ಞಾನಿ ಜಾನ್ ಟಿಂಡಾಲ್ ಅವರ ಪ್ರಯೋಗಗಳು ಬಂದದ್ದು 1859ರಲ್ಲಿ. ಒಂದೂವರೆ ಶತಮಾನ ಪಾಠಗಳಲ್ಲಿ ಉಳಿದದ್ದು ಟಿಂಡಾಲ್ ಹೆಸರು ಮಾತ್ರ. ಫೂಟ್ ಅವರ ಕೆಲಸ ಮತ್ತೆ ಬೆಳಕಿಗೆ ಬಂದದ್ದು 2011ರಲ್ಲಿ.

ಆ ಸಮಾವೇಶವನ್ನು ಸಂಘಟಿಸಿದವರಲ್ಲಿ ಪ್ರಮುಖರಾದ ಎಲಿಜಬೆತ್ ಕೇಡಿ ಸ್ಟಾಂಟನ್ ಅವರ ಮೊಮ್ಮಗಳು ನೋರಾ ಸ್ಟಾಂಟನ್ ಬ್ಲ್ಯಾಚ್ 1905ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದರು. ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘ ಅವರಿಗೆ ಕಿರಿಯ ಸದಸ್ಯತ್ವ ಕೊಟ್ಟಿತೇ ಹೊರತು ಪೂರ್ಣ ಸದಸ್ಯತ್ವ ಕೊಡಲಿಲ್ಲ. 1916ರಲ್ಲಿ ನ್ಯಾಯಾಲಯಕ್ಕೆ ಹೋದರು, ಸೋತರು. ಸಂಘ ಅವರನ್ನು ಫೆಲೋ ಎಂದು ಗೌರವಿಸಿದ್ದು 2015ರಲ್ಲಿ, ಅವರು ಕಾಲವಾಗಿ ದಶಕಗಳು ಕಳೆದ ಮೇಲೆ.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು 1948ರಲ್ಲಿ ಅಮೆರಿಕದಲ್ಲಿ ಕಟ್ಟಿದ ಡೋವರ್ ಸೌರಮನೆ. ವಿನ್ಯಾಸ ವಾಸ್ತುಶಿಲ್ಪಿ ಎಲಿನರ್ ರೇಮಂಡ್ ಅವರದ್ದು, ಶಾಖ ಸಂಗ್ರಹದ ವಿಜ್ಞಾನ ಎಂಐಟಿಯಲ್ಲಿದ್ದ ಮಾರಿಯಾ ಟೆಲ್ಕೆಸ್ ಅವರದ್ದು, ಹಣ ಶಿಲ್ಪಿ ಅಮೇಲಿಯಾ ಪೀಬಾಡಿ ಅವರದ್ದು. ಮೂವರು ಮಹಿಳೆಯರು ಸೇರಿ ಸುಮಾರು 32 ಡಿಗ್ರಿಯಲ್ಲಿ ಕರಗುವ ಗ್ಲಾಬರ್ ಲವಣದಲ್ಲಿ ಹಗಲಿನ ಬಿಸಿಲನ್ನು ಕೂಡಿಟ್ಟು ರಾತ್ರಿ ಮನೆ ಬೆಚ್ಚಗಿಟ್ಟರು. ಕೆಲವು ಚಳಿಗಾಲಗಳ ನಂತರ ಲವಣ ಪದರಪದರವಾಗಿ ಬೇರ್ಪಟ್ಟು, ಪಾತ್ರೆಗಳು ತುಕ್ಕು ಹಿಡಿದು ವ್ಯವಸ್ಥೆ ಕೈಕೊಟ್ಟಿತು. ಇಂಜಿನಿಯರಿಂಗ್‌ನಲ್ಲಿ ಮೊದಲ ಮಾದರಿ ಕೈಕೊಡುವುದು ಹೊಸದೇನಲ್ಲ, ಎರಡನೆಯದನ್ನು ಮಾಡಲು ಯಾರಿಗೆ ಅವಕಾಶ ಸಿಗುತ್ತದೆ ಎಂಬುದೇ ಪ್ರಶ್ನೆ. ಟೆಲ್ಕೆಸ್ ಅವರು 1953ರಲ್ಲಿ ಎಂಐಟಿಯಿಂದ ಹೊರಬೀಳಬೇಕಾಯಿತು. ಶಾಖ ಹಿಡಿದಿಡುವ ಅಂಥ ವಸ್ತುಗಳ ಮೇಲೆ ಇವತ್ತು ಎಷ್ಟು ಪ್ರಯೋಗಾಲಯಗಳು ಕೆಲಸ ಮಾಡುತ್ತಿವೆ ಎಂಬುದನ್ನು ನೋಡಿದರೆ, ನಡುವೆ ಕಳೆದುಹೋದ ವರ್ಷಗಳಿಗಾಗಿ ನನಗೆ ನಿಜಕ್ಕೂ ವ್ಯಥೆಯಾಗುತ್ತದೆ.

ಇನ್ನೊಂದು ಮಾತನ್ನು ನನ್ನ ಬಗ್ಗೆಯೇ ಹೇಳಬೇಕಿದೆ. ನಾನು ವಿಭಾಗದ ಮುಖ್ಯಸ್ಥನಾಗಿದ್ದಾಗ ಹಸಿರು ಕ್ಯಾಂಪಸ್ ಸಮಿತಿ, ಸಸಿ ನೆಡುವ ಸಮಿತಿ, ಮಹಿಳಾ ಕೋಶ ಇವುಗಳನ್ನೆಲ್ಲ ವಿಭಾಗದಲ್ಲಿದ್ದ ಇಬ್ಬರು ಸಹೋದ್ಯೋಗಿ ಮಹಿಳೆಯರಿಗೇ ವಹಿಸುತ್ತಿದ್ದೆ. ಅವರು ಚೆನ್ನಾಗಿ ಮಾಡುತ್ತಾರೆ ಎಂಬ ಮೆಚ್ಚುಗೆಯಿಂದಲೇ ವಹಿಸುತ್ತಿದ್ದೆ. ಬಡ್ತಿಯ ಸಂದರ್ಶನದಲ್ಲಿ ಮಾತ್ರ ಎಷ್ಟು ಪ್ರಬಂಧ, ಎಷ್ಟು ಕನ್ಸಲ್ಟೆನ್ಸಿ ಎಂದು ಕೇಳಿದರು. ಸಮಿತಿಗಳ ಕೆಲಸಕ್ಕೆ ಅಂಕವಿರಲಿಲ್ಲ. ಅವರಿಬ್ಬರೂ ನನ್ನ ಕಣ್ಣೆದುರೇ ಹಿಂದೆ ಉಳಿದರು. ಈ ಪದ್ಧತಿಯನ್ನು ಬದಲಿಸುವ ಅಧಿಕಾರ ನನಗಿತ್ತು, ಬದಲಿಸಲಿಲ್ಲ.

ಸ್ಟ್ರಕ್ಚರಲ್ ಇಂಜಿನಿಯರ್, ಅತಿಥಿ ಉಪನ್ಯಾಸಕ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ವಿದ್ಯಾರ್ಥಿನಿ ಬರೆದ ಗುಂಪು ಕೆಲಸದ ಹಂಚಿಕೆಯನ್ನು ಓದಿದ ಮೇಲೆ ನನ್ನ ಹಳೆಯ ಜಂಟಿ ಪ್ರಾಜೆಕ್ಟುಗಳ ಕಡತ ತೆರೆದು ಯಾರು ಯಾವ ಹಾಳೆಗೆ ಹೆಸರು ಹಾಕಿದ್ದಾರೆ ಎಂದು ನೋಡಿದೆ. ಅವರು ಹೇಳಿದಂತೆಯೇ ಇದೆ. ನಾನು ಅಂಕ ಕೊಟ್ಟ ಹಾಳೆಗಳಲ್ಲೇ ಇದೆ. ಎರಡು ಹೋರಾಟ ಕಲಸಬೇಡಿ ಎಂದು ನಾನು ಬರೆದಿದ್ದೆ; ಹಂಚಿಕೆಯ ಹಂತದಲ್ಲಿ ಅವು ಆಗಲೇ ಕಲೆತುಹೋಗಿವೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆದರೂ ಒಂದು ಎಚ್ಚರಿಕೆ ಇರಲಿ. ಮಹಿಳೆಯರು ವಿನ್ಯಾಸ ಮಾಡಿದ ಮಾತ್ರಕ್ಕೆ ಕಟ್ಟಡ ಹಸಿರಾಗುತ್ತದೆ ಎಂಬ ಸರಳ ಕಥೆಗೆ ನಾವು ಬೀಳಬಾರದು. ಗ್ರಾಫ್ಟನ್ ಆರ್ಕಿಟೆಕ್ಟ್ಸ್‌ನ ಇವೊನ್ ಫ್ಯಾರೆಲ್ ಮತ್ತು ಶೆಲ್ಲಿ ಮೆಕ್‌ನಮಾರಾ 2020ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಪಡೆದರು. ಪೆರುವಿನ ಲೀಮಾದಲ್ಲಿ ಅವರು ಇಂಜಿನಿಯರಿಂಗ್ ವಿಶ್ವವಿದ್ಯಾಲಯ ಯುಟೆಕ್‌ಗಾಗಿ ಕಟ್ಟಿದ ಕಟ್ಟಡ 2016ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ರಿಬಾದ ಅಂತರರಾಷ್ಟ್ರೀಯ ಪ್ರಶಸ್ತಿ ಗಳಿಸಿತು. ಓಡಾಡುವ ಜಾಗಗಳನ್ನೆಲ್ಲ ತೆರೆದ ಗಾಳಿಗೆ ಬಿಟ್ಟು, ಲೀಮಾದ ಹಿತವಾದ ಹವೆಯನ್ನು ಬಳಸಿಕೊಂಡ ರೀತಿ ಕಲಿಯಬೇಕಾದದ್ದು. ಆದರೆ ಅದು ಕಾಂಕ್ರೀಟಿನ ಬೆಟ್ಟವೂ ಹೌದು. ನಮ್ಮ ವಿದ್ಯಾರ್ಥಿಗಳು ಎರಡನ್ನೂ ಲೆಕ್ಕ ಹಾಕಬೇಕು: ಗಾಳಿಯಿಂದ ಉಳಿದದ್ದೆಷ್ಟು, ಕಾಂಕ್ರೀಟಿಗೆ ತೆತ್ತದ್ದೆಷ್ಟು. ಮಹಿಳೆಯರ ಕೆಲಸವನ್ನು ಗೌರವಿಸುವುದೆಂದರೆ ಅದನ್ನು ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸುವುದೂ ಹೌದು.

ಐದನೇ ವರ್ಷದ ವಿದ್ಯಾರ್ಥಿನಿ, ವಾಸ್ತುಶಿಲ್ಪ

ಸರ್, ಆ ಲೆಕ್ಕವನ್ನು ನಮ್ಮ ಕೈಗೆ ಕೊಡಿ ಎಂದೇ ನಮ್ಮ ಬೇಡಿಕೆ. ಅದರ ಜೊತೆಗೆ ಆನ್ ಲಕಾಟನ್ ಮತ್ತು ಜಾನ್-ಫಿಲಿಪ್ ವಸ್ಸಾಲ್ 2009ರಲ್ಲಿ ಮುಗಿಸಿದ, ಫ್ರಾನ್ಸಿನ ನಾಂಟ್ ವಾಸ್ತುಶಿಲ್ಪ ಶಾಲೆಯನ್ನೂ ಸೇರಿಸಿಕೊಳ್ಳೋಣ. ಅಗ್ಗದ, ಸರಳವಾದ ಚೌಕಟ್ಟು ಕಟ್ಟಿ, ಕೇಳಿದ್ದಕ್ಕಿಂತ ಸುಮಾರು ದುಪ್ಪಟ್ಟು ಜಾಗವನ್ನು ಅದೇ ಬಜೆಟ್ಟಿನಲ್ಲಿ ಕೊಟ್ಟರು; ಆ ಹೆಚ್ಚುವರಿ ಜಾಗಕ್ಕೆ ಹೆಸರಿಡದೆ ಬಳಸುವವರಿಗೇ ಬಿಟ್ಟರು. ಇರುವ ಕಟ್ಟಡವನ್ನು ಕೆಡವಬೇಡಿ ಎಂಬುದು ಅವರ ಹಳೆಯ ನಿಲುವು, 2021ರ ಪ್ರಿಟ್ಜ್‌ಕರ್ ಅವರಿಗೆ ಬಂದದ್ದು ಇಬ್ಬರಿಗೂ ಒಟ್ಟಿಗೆ. 1991ರಲ್ಲಿ ಹಾಗಾಗಲಿಲ್ಲ ಎಂಬುದನ್ನು ನೆನಪಿಸಬೇಕು: ರಾಬರ್ಟ್ ವೆಂಚುರಿ ಒಬ್ಬರಿಗೇ ಕೊಟ್ಟರು, ಜೊತೆಯಲ್ಲಿ ದುಡಿದ ಡೆನಿಸ್ ಸ್ಕಾಟ್ ಬ್ರೌನ್ ಅವರ ಹೆಸರು ಬಿಟ್ಟರು. 2013ರಲ್ಲಿ ಅದನ್ನು ತಿದ್ದಿ ಎಂದು ಮನವಿ ಎತ್ತಿದ್ದು ಹಾರ್ವರ್ಡಿನ ವಿದ್ಯಾರ್ಥಿನಿಯರು. ಪ್ರಶಸ್ತಿ ಸಮಿತಿ ಒಪ್ಪಲಿಲ್ಲ, ಆದರೆ ಆ ಮನವಿಯಿಂದಾಗಿಯೇ ನನ್ನಂಥವರಿಗೆ ಅವರ ಹೆಸರು ತಿಳಿಯಿತು.

ಕಟ್ಟಡ ವಿಜ್ಞಾನ ಬೋಧಕಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಪ್ರಾಧ್ಯಾಪಕರು ತಮ್ಮ ಬಗ್ಗೆ ಬರೆದ ಮಾತು ನನ್ನನ್ನು ಬಹಳ ತಟ್ಟಿತು, ಏಕೆಂದರೆ ಅವರು ಹೇಳಿದ ಇಬ್ಬರಂತೆಯೇ ನಾನೂ ಮೂರು ಸಮಿತಿಗಳ ಸದಸ್ಯ ಕಾರ್ಯದರ್ಶಿ.

ನಿಯಮಗಳಿಂದ ಎಷ್ಟು ಸಾಧ್ಯ ಎಂಬುದರ ಬಗ್ಗೆ ಒಂದೆರಡು ಮಾತು. ಯುರೋಪಿನ ಸಂಶೋಧನಾ ನಿಧಿ ಹೊರೈಜನ್ ಯುರೋಪ್‌ನಿಂದ ಹಣ ಬೇಕಾದ ವಿಶ್ವವಿದ್ಯಾಲಯ 2022ರಿಂದ ಲಿಂಗ ಸಮಾನತೆಯ ಯೋಜನೆಯೊಂದನ್ನು ಹೊಂದಿರಲೇಬೇಕು. ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯ 2019ರಲ್ಲಿ ಇನ್ನೂ ಮುಂದೆ ಹೋಗಿ, ಬೋಧಕರ ಹುದ್ದೆಗಳೆಲ್ಲ ಮೊದಲ ಆರು ತಿಂಗಳು ಮಹಿಳೆಯರಿಗೆ ಮಾತ್ರ ತೆರೆದಿರುತ್ತವೆ ಎಂದಿತು. 2020ರಲ್ಲಿ ಅಲ್ಲಿನ ಮಾನವ ಹಕ್ಕುಗಳ ಸಂಸ್ಥೆ ಅಷ್ಟು ವ್ಯಾಪಕವಾದ ನಿರ್ಬಂಧ ಸಲ್ಲದೆಂದಾಗ ಅದನ್ನು ತಿದ್ದಿ, ಎಲ್ಲ ಹುದ್ದೆಗಳ ಬದಲು ಒಂದು ಪಾಲಿಗೆ ಸೀಮಿತಗೊಳಿಸಿ ಮುಂದುವರಿಸಿತು. ಇಂಥ ದಿಟ್ಟ ಕ್ರಮಗಳ ಪರವಾಗಿ ನಾನಿದ್ದೇನೆ. ಜಗತ್ತಿನ ಇಂಜಿನಿಯರಿಂಗ್ ಪದವೀಧರರಲ್ಲಿ ಮಹಿಳೆಯರು ಶೇಕಡಾ 28ರಷ್ಟೇ ಎಂದು 2021ರ ಯುನೆಸ್ಕೋ ವರದಿ ಹೇಳುವಾಗ, ತಾನಾಗಿ ಸರಿಹೋಗಲಿ ಎಂದು ಕಾಯುವುದು ನನಗೆ ಒಪ್ಪಿಗೆಯಿಲ್ಲ. ಆದರೆ ನನ್ನ ಕೈಯಲ್ಲಿರುವುದು ನೇಮಕಾತಿಯಲ್ಲ, ಒಂದು ಪಠ್ಯಕ್ರಮ ಮತ್ತು ವಾರಕ್ಕೆ ಆರು ಗಂಟೆ.

ಆದ್ದರಿಂದ ಬರುವ ಸೆಮಿಸ್ಟರಿನಲ್ಲಿ ಹಿತ ತಾಪಮಾನದ ಲೆಕ್ಕವನ್ನು ಪ್ರತಿ ವಿದ್ಯಾರ್ಥಿಯೂ ಎರಡು ಸಲ ಮಾಡಬೇಕೆಂದು ಇಟ್ಟಿದ್ದೇನೆ, ಒಮ್ಮೆ ಕೋಷ್ಟಕದ ಮೌಲ್ಯದಿಂದ, ಇನ್ನೊಮ್ಮೆ ಆ ಕೋಣೆಯಲ್ಲಿ ನಿಜವಾಗಿ ಕೂರುವವರನ್ನು ಕೇಳಿ, ಅವರ ಬಟ್ಟೆ, ಕೆಲಸ ನೋಡಿಕೊಂಡು. ಉತ್ತರಗಳ ನಡುವಿನ ಅಂತರಕ್ಕೆ ತಗಲುವ ವಿದ್ಯುತ್ತನ್ನೂ ಬರೆಯಬೇಕು. ಗಾಳಿ ಬೆಳಕಿಗೆ ತೆರೆದಿರುವ ಕಟ್ಟಡಗಳಿಗೆ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ 1998ರಲ್ಲಿ ರೂಪಿಸಿದ ಹೊಂದಾಣಿಕೆ ಮಾದರಿಯನ್ನು ಕೊನೆಯ ಅಧ್ಯಾಯದಿಂದ ಎತ್ತಿ ಮೊದಲಿಗೆ ತರುತ್ತಿದ್ದೇನೆ. ಕಿಟಕಿ ತೆರೆಯುವ, ಫ್ಯಾನ್ ಹಾಕಿಕೊಳ್ಳುವ ಅಧಿಕಾರ ಕೂತವರಿಗೆ ಇದ್ದರೆ ಅವರು ಹೊರಗಿನ ಹವೆಯೊಂದಿಗೆ ಹೊಂದಿಕೊಂಡು ಹೆಚ್ಚಿನ ತಾಪಮಾನದಲ್ಲೂ ಹಿತವಾಗಿರುತ್ತಾರೆ ಎಂಬುದು ಅದರ ತಿರುಳು. ಜಂಟಿ ಪ್ರಾಜೆಕ್ಟಿನಲ್ಲಿ ‘ಸಸ್ಟೇನಬಿಲಿಟಿ ಶೀಟ್’ ಎಂಬುದೇ ಇರುವುದಿಲ್ಲ. ಸ್ಟ್ರಕ್ಚರ್ ಹಾಳೆಯ ಮೇಲೇ ಇಂಗಾಲದ ಅಂಕಿ ಇರಬೇಕು, ಹಾಳೆಗಳು ವಾರವಾರ ಕೈ ಬದಲಾಗಬೇಕು. ಸರ್, ಈ ಭಾಗಕ್ಕೆ ನೀವು ಬಂದು ಕೂರುವಿರಾದರೆ ಬಹಳ ಉಪಕಾರವಾಗುತ್ತದೆ.

ಸ್ಟ್ರಕ್ಚರಲ್ ಇಂಜಿನಿಯರ್, ಅತಿಥಿ ಉಪನ್ಯಾಸಕ

ಬರುತ್ತೇನೆ ಮೇಡಂ. ಸ್ಲ್ಯಾಬಿನ ಲೆಕ್ಕದ ಮೊದಲ ಪಾಳಿ ಹುಡುಗಿಯರದ್ದಾಗಿರಲಿ.

ಕ್ಯಾಂಪಸ್ ನಿರ್ವಹಣಾ ಇಂಜಿನಿಯರ್

ಈ ಚರ್ಚೆ ಓದುತ್ತಲೇ ನಮ್ಮ ಒಂದು ಡ್ರಾಯಿಂಗ್ ಹಾಲಿನಲ್ಲಿ ಎ.ಸಿ. 22ರಿಂದ 26ಕ್ಕೆ ಏರಿಸಿ, ಸೀಲಿಂಗ್ ಫ್ಯಾನುಗಳನ್ನು ಮತ್ತೆ ಚಾಲೂ ಮಾಡಿ ಹದಿನೈದು ದಿನ ನೋಡಿದೆ. ಕಿಂಡಿಯ ಬಳಿ ಕೂರುವ ವಿದ್ಯಾರ್ಥಿನಿಯರು ಈಗ ಶಾಲು ಹೊದೆಯುತ್ತಿಲ್ಲ. ಆದರೆ ಪಶ್ಚಿಮದ ಗಾಜಿನ ಗೋಡೆಯ ಪಕ್ಕದ ಎರಡು ಸಾಲಿನವರು, ಹುಡುಗರೂ ಹುಡುಗಿಯರೂ, ಮೂರು ಗಂಟೆಯ ಮೇಲೆ ಸೆಖೆ ತಡೆಯಲಾಗುತ್ತಿಲ್ಲ ಎಂದು ದೂರು ಕೊಟ್ಟಿದ್ದಾರೆ, ಅವರ ದೂರು ನ್ಯಾಯವಾದದ್ದೇ. ಇಷ್ಟು ವರ್ಷ ಆ ಗಾಜಿನ ಬಿಸಿಯನ್ನು ಮುಚ್ಚಿಡಲು ಇಡೀ ಹಾಲನ್ನು ತಣ್ಣಗಿಡುತ್ತಿದ್ದೆವು ಎಂಬುದು ಈಗ ಗೊತ್ತಾಯಿತು. ಗಾಜಿನ ಹೊರಗಡೆ ನಿಲುವು ನೆರಳುಪಟ್ಟಿ ಹಾಕಿಸಬೇಕು. ಪಟ್ಟಿಗಳ ಅಂತರ ಮತ್ತು ಕೋನವನ್ನು ಯಾವ ತಿಂಗಳ ಬಿಸಿಲಿಗೆ ಹೊಂದಿಸುವುದು ಒಳ್ಳೆಯದು ಎಂದು ಮೇಡಂ ಅಥವಾ ಅವರ ವಿದ್ಯಾರ್ಥಿಗಳು ಲೆಕ್ಕ ಹಾಕಿಕೊಟ್ಟರೆ ಅಂದಾಜುಪಟ್ಟಿಯನ್ನು ನಾನು ಈ ತಿಂಗಳೇ ಕಳುಹಿಸುತ್ತೇನೆ.